ಹಚ್ಚಿದ್ದು ಯಾರು ಅಂತ ಕೇಳೋ ಮೊದಲು

ಮೂವತ್ತು ನಲವತ್ತು ವರ್ಷ ಹಳೆಯ ಬೆಂಕಿ ಪ್ರಕರಣವನ್ನು ಪತ್ತೇದಾರನೊಬ್ಬ ಮತ್ತೆ ಕೈಗೆತ್ತಿಕೊಂಡ ಅಂದ ಕೂಡಲೇ ನಮ್ಮ ತಲೆಯಲ್ಲಿ ಒಂದು ಸಿನಿಮಾ ಶುರುವಾಗಿಬಿಡುತ್ತೆ. ಧೂಳು ಹಿಡಿದ ಕಡತ, ಹಳದಿಗಟ್ಟಿದ ಹೇಳಿಕೆಗಳು, ಎಲ್ಲೋ ಆರಾಮಾಗಿ ಮುದುಕನಾಗಿರೋ ಅಪರಾಧಿ, ಕೊನೆಗೆ ಬಾಗಿಲು ಬಡಿಯೋ ಸದ್ದು. ನನಗೂ ಆ ಸಿನಿಮಾ ಇಷ್ಟವೇ. ಆದರೆ ಇಂಥ ಪ್ರಕರಣಗಳ ಬಗ್ಗೆ ಓದ್ತಾ ಓದ್ತಾ ನನ್ನ ಆಸೆ ಬದಲಾಗಿದೆ. ಆ ಪತ್ತೇದಾರ ‘ಯಾರು ಹಚ್ಚಿದರು’ ಅಂತ ಹುಡುಕೋಕೆ ಹೊರಡೋ ಮುಂಚೆ, ‘ಯಾರಾದರೂ ಹಚ್ಚಿದ್ದು ನಿಜವಾ’ ಅಂತ ಕೇಳಿಕೊಳ್ಳಲಿ ಅಂತ.

ಯಾಕೆ ಅಂದ್ರೆ, ಬೇರೆ ಅಪರಾಧಗಳಲ್ಲಿ ಅಪರಾಧ ನಡೆದಿದ್ದು ಸಾಮಾನ್ಯವಾಗಿ ಖಾತ್ರಿ ಇರುತ್ತೆ, ಆರೋಪಿ ಮಾತ್ರ ಅನುಮಾನ. ಬೆಂಕಿಯಲ್ಲಿ ಅಪರಾಧವೇ ಒಂದು ಅಭಿಪ್ರಾಯ. ಸುಟ್ಟ ನೆಲ ನೋಡಿ ಒಬ್ಬ ತನಿಖಾಧಿಕಾರಿ ಕೊಟ್ಟ ಅಭಿಪ್ರಾಯ. ಹಿಂದೆ ಆ ಅಭಿಪ್ರಾಯ ನಿಂತಿದ್ದು ಬಹುಮಟ್ಟಿಗೆ ಹಿರಿಯರಿಂದ ಕಿರಿಯರಿಗೆ ಬಂದ ಬಾಯಿಪಾಠದ ಮೇಲೆ. ನೆಲದಲ್ಲಿ ನೀರು ಚೆಲ್ಲಿದಂಥ ಕಪ್ಪು ಕಲೆ ಇದ್ದರೆ ಪೆಟ್ರೋಲ್ ಸುರಿದಿದ್ದಾರೆ. ಕಿಟಕಿ ಗಾಜಿನಲ್ಲಿ ಜೇಡರ ಬಲೆಯಂಥ ಸೀಳು ಬಿದ್ದಿದ್ದರೆ ಬೆಂಕಿ ಅಸಹಜ ವೇಗದಲ್ಲಿ ಏರಿದೆ.

ಗಾಜಿನ ಕಥೆಯನ್ನೇ ನೋಡಿ. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟಗಳಲ್ಲಿ ಕಾಳ್ಗಿಚ್ಚು ಸಾವಿರಾರು ಮನೆ ನುಂಗಿತು. ಅಲ್ಲಿ ಯಾರೂ ಮನೆಯೊಳಗೆ ಪೆಟ್ರೋಲ್ ಸುರಿದಿರಲಿಲ್ಲ. ಬೆಂಕಿ ತನಿಖಾ ತಜ್ಞ ಜಾನ್ ಲೆಂಟಿನಿ ಮತ್ತವರ ಜೊತೆಗಾರರು 50 ಮನೆಗಳ ಅವಶೇಷ ಕೆದಕಿದಾಗ, 12 ಮನೆಗಳಲ್ಲಿ ಅದೇ ಬಲೆ ಬಿದ್ದ ಗಾಜು! ಆಮೇಲೆ ಗಾಜಿನ ಮೇಲೇ ಪ್ರಯೋಗ ಮಾಡಿದರು. ಎಷ್ಟು ಬೇಗ ಕಾಯಿಸಿದರೂ ಆ ಸೀಳು ಬರಲಿಲ್ಲ. ಕಾದ ಗಾಜಿಗೆ ನೀರು ಬಿದ್ದಾಗ ಬಂತು. ಉರಿಯೋ ಲಾಟೀನಿನ ಗಾಜಿಗೆ ನೀರು ಸಿಡಿಸಿ ಬೈಸಿಕೊಂಡ ಮಗುವಿಗೂ ಗೊತ್ತಿರೋ ವಿಷಯ. ಅಂದರೆ ಎಷ್ಟೋ ಕಡತಗಳಲ್ಲಿ ಕೊಲೆಗೆ ಸಾಕ್ಷಿ ಅಂತ ಬರೆದಿಟ್ಟಿದ್ದು ಬೆಂಕಿ ಆರಿಸೋಕೆ ಬಂದವರ ಪೈಪಿನ ನೀರಿನ ಗುರುತು ಇದ್ದಿರಬಹುದು.

ನೆಲದ ಕಲೆಗೂ ಇದೇ ಗತಿ. 1990ರಲ್ಲಿ ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಒಂದು ಮನೆ ಸುಟ್ಟು ಆರು ಜನ ಸತ್ತರು. ಬದುಕುಳಿದ ಮನೆಯ ಗಂಡಸು, ಮಗು ಆಡ್ತಾ ಆಡ್ತಾ ಸೋಫಾಗೆ ಬೆಂಕಿ ತಗುಲಿಸಿತು ಅಂದ. ಪೊಲೀಸರು ನಂಬಲಿಲ್ಲ. ಅವನ ಮಾತು ಸುಳ್ಳು ಅಂತ ತೋರಿಸಲು ಅದೇ ಬೀದಿಯ, ಅದೇ ನಕ್ಷೆಯ ಪಾಳು ಮನೆಯೊಂದಕ್ಕೆ ಅಂಥದ್ದೇ ಸೋಫಾ, ಕಾರ್ಪೆಟ್ ಹಾಕಿ, ಒಂದು ಹನಿ ಪೆಟ್ರೋಲ್ ಇಲ್ಲದೆ ಸೋಫಾಗೆ ಬೆಂಕಿ ಕೊಟ್ಟರು. ಬಿಸಿ ಹೊಗೆ ಚಾವಣಿಯಡಿ ಕವುಚಿಕೊಂಡು ಕೆಳಗಿಳೀತಾ ಬಂತು. ಐದು ನಿಮಿಷವೂ ಆಗಿರಲಿಲ್ಲ, ಇಡೀ ಕೋಣೆ ಒಂದೇ ಸಲಕ್ಕೆ ಧಗ್ಗೆಂದಿತು. ಬೆಂಕಿ ಮುಟ್ಟಿಯೇ ಇರದ ನೆಲವೂ ಹೊತ್ತಿಕೊಂಡಿತು. ಇದಕ್ಕೆ ಫ್ಲ್ಯಾಶ್‌ಓವರ್ ಅಂತಾರೆ. ಆರಿದ ಮೇಲೆ ನೋಡಿದರೆ, ಯಾರೋ ಸುರಿದಂಥ ಅದೇ ಕಲೆಗಳು. ಆರೋಪ ಕೈಬಿಟ್ಟರು.

ಆ ಮನುಷ್ಯನ ಅದೃಷ್ಟ, ಪಕ್ಕದಲ್ಲೇ ಅಂಥ ಮನೆ ಖಾಲಿ ಇತ್ತು. ಮರುವರ್ಷ ಟೆಕ್ಸಾಸ್‌ನಲ್ಲಿ ಮೂರು ಹೆಣ್ಣುಮಕ್ಕಳನ್ನು ಬೆಂಕಿಯಲ್ಲಿ ಕಳೆದುಕೊಂಡ ಕ್ಯಾಮರನ್ ಟಾಡ್ ವಿಲ್ಲಿಂಗ್‌ಹ್ಯಾಮ್‌ಗೆ ಆ ಅದೃಷ್ಟ ಇರಲಿಲ್ಲ. ನೆಲದ ಕಲೆ, ಸೀಳಿದ ಗಾಜು, ಜೈಲಿನ ಸಹಕೈದಿಯೊಬ್ಬನ ಮಾತು, ಇಷ್ಟರ ಮೇಲೆ 2004ರಲ್ಲಿ ಅವನಿಗೆ ಮರಣದಂಡನೆ ಜಾರಿ ಆಯ್ತು. ಶಿಕ್ಷೆಗೆ ಸ್ವಲ್ಪವೇ ಮುಂಚೆ ಬೆಂಕಿ ತಜ್ಞರೊಬ್ಬರು ಆ ಗುರುತುಗಳಲ್ಲಿ ಹುರುಳಿಲ್ಲ ಅಂತ ವರದಿ ಬರೆದು ಕಳಿಸಿದ್ದರು. ನೆರೆಹೊರೆಯವರ ಹೇಳಿಕೆ ತಿರುಗಿದ ರೀತಿ ಇನ್ನೂ ಭಯ ಹುಟ್ಟಿಸುತ್ತೆ. ಮೊದಲು ಹುಚ್ಚನಂತೆ ಗೋಳಾಡ್ತಿದ್ದ ಅಂದವರಿಗೆ, ಇದು ಕೊಲೆ ಅನ್ನೋ ಮಾತು ಬಂದ ಮೇಲೆ ಅದೇ ಗೋಳು ನಾಟಕದಂತೆ ಕಂಡಿತ್ತು. ಆಗಲೇ ಹೀಗಾದರೆ, ಮೂವತ್ತು ವರ್ಷದ ಮೇಲೆ ಹೋಗಿ ಕೇಳಿದರೆ ಏನು ಸಿಗುತ್ತೆ?

ಅದು ಹಿಂದಿನ ಕಾಲ, ಈಗ ಎಲ್ಲ ಪಳಗಿದ್ದಾರೆ ಅನ್ನೋರಿಗೆ ಒಂದು ಮಾತು. 2005ರಲ್ಲಿ ಲಾಸ್ ವೇಗಾಸ್‌ನಲ್ಲಿ ಫ್ಲ್ಯಾಶ್‌ಓವರ್ ಆದ ಮೇಲೆ ಎರಡೇ ನಿಮಿಷ ಉರಿಸಿ ಆರಿಸಿದ ಕೋಣೆಗೆ 53 ಬೆಂಕಿ ತನಿಖಾಧಿಕಾರಿಗಳನ್ನು ಬಿಟ್ಟು, ಬೆಂಕಿ ಕೋಣೆಯ ಯಾವ ಕಾಲುಭಾಗದಲ್ಲಿ ಶುರುವಾಯ್ತು ಹೇಳಿ ಅಂದರು. ಸರಿ ಹೇಳಿದ್ದು ಮೂವರು. ಕಣ್ಣು ಮುಚ್ಚಿ ಬೆರಳು ಇಟ್ಟಿದ್ದರೂ ಹದಿಮೂರು ಜನಕ್ಕೆ ಸರಿ ಬರ್ತಿತ್ತು!

ಹಾಗಂತ ಹಳೇ ಕಡತ ತೆಗೀಬೇಡಿ ಅಂತಿಲ್ಲ. ಬೇಕಂತಲೇ ಬೆಂಕಿ ಇಡೋರು ಇದ್ದಾರೆ, ತಪ್ಪಿಸಿಕೊಂಡವರೂ ಇದ್ದಾರೆ. ತೆಗೀಲೇಬೇಕು. ಆದರೆ ಮೊದಲು ತೆಗೀಬೇಕಾದ್ದು ಫೋಟೋಗಳ ನೆಗೆಟಿವ್. ಶಂಕಿತನ ಈಗಿನ ವಿಳಾಸ ಆಮೇಲೆ. ಆಗಿನ ತೀರ್ಮಾನ ಹಳಸಿರಬಹುದು, ಆಗ ಕ್ಯಾಮೆರಾ ಕಂಡಿದ್ದು ಹಾಗೇ ಇರುತ್ತೆ, ಇವತ್ತಿನ ತಿಳಿವಳಿಕೆಯಲ್ಲಿ ಅದನ್ನು ಮತ್ತೆ ಓದಬಹುದು.

ಡಬ್ಲಿನ್‌ನ ಸ್ಟಾರ್‌ಡಸ್ಟ್ ನೈಟ್‌ಕ್ಲಬ್ ಸುಟ್ಟಿದ್ದು 1981ರ ಫೆಬ್ರವರಿ 14ರ ನಸುಕಿನಲ್ಲಿ. ಸತ್ತವರು 48 ಜನ, ಬಹುಪಾಲು ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು. ಹೊರಗೆ ಹೋಗೋ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಸರಪಳಿ. ಮರುವರ್ಷ ಬಂದ ವಿಚಾರಣಾ ವರದಿ, ಬಹುಶಃ ಯಾರೋ ಹಚ್ಚಿದ್ದು ಅಂದಿತು. ಆ ಒಂದು ಮಾತಿನ ಬಲದ ಮೇಲೆ ಕ್ಲಬ್ ಮಾಲೀಕರಿಗೆ ಪರಿಹಾರ ಸಿಕ್ಕಿತು. ಮಕ್ಕಳನ್ನು ಕಳೆದುಕೊಂಡವರಿಗೆ ಉಳಿದಿದ್ದು, ಅಲ್ಲಿ ಕುಣಿಯೋಕೆ ಬಂದವರಲ್ಲೇ ಒಬ್ಬ ಕೊಲೆಗಾರ ಇದ್ದ ಅನ್ನೋ ಗುಮಾನಿ. ಹಚ್ಚಿದ್ದು ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಒಪ್ಪಿಕೊಳ್ಳೋಕೆ 2009 ಬರಬೇಕಾಯ್ತು. 2024ರ ಏಪ್ರಿಲ್‌ನಲ್ಲಿ ಹೊಸ ವಿಚಾರಣೆಯ ಜ್ಯೂರಿ, ಬಾರ್‌ನ ಹೀಟರ್ ಕಪಾಟಿನಲ್ಲಿ ವಿದ್ಯುತ್ ದೋಷದಿಂದ ಬೆಂಕಿ ಶುರುವಾಯ್ತು, ಸಾವುಗಳು ಮಾತ್ರ ಕಾನೂನುಬಾಹಿರ ಹತ್ಯೆ ಅಂದಿತು. ತೀರ್ಪು ಬರೋ ಹೊತ್ತಿಗೆ ಅದಕ್ಕಾಗಿ ಕಾದಿದ್ದ ಎಷ್ಟೋ ಅಪ್ಪ ಅಮ್ಮಂದಿರು ತೀರಿಕೊಂಡಿದ್ದರು.