ದೂರು ಕೊಡಲಾಗದವರ ಬಾಗಿಲು ತಟ್ಟುವವರು ಯಾರು?

ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರಹ ಸ್ವಲ್ಪ ಉದ್ದವಾಗುತ್ತದೆ.

ಪಹಣಿ ತಿದ್ದುಪಡಿ ಕೆಲಸಕ್ಕೆಂದು ಒಂದು ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿದ್ದೆ. ಯಾವ ಊರು ಅಂತ ಬರೆಯುವುದಿಲ್ಲ. ಹಿರಿಯ ನಾಗರಿಕರ ಅರ್ಜಿ ನೋಡುವ ಮೇಜಿನ ಮುಂದೆ ಹೂ ಮಾರುವ ಹೆಂಗಸೊಬ್ಬರು ನಿಂತಿದ್ದರು.

"ಸಾರ್, ನಮ್ಮ ಎದುರು ಮನೆ ಮಹಡೀಲಿ ಒಬ್ಬರು ಅಜ್ಜ ಅವರೆ. ಬೆಳಿಗ್ಗೆ ಬೀಗ ಹಾಕ್ಕೊಂಡು ಹೋದ್ರೆ ಸಂಜೆ ತನಕ ಯಾರೂ ತೆಗೆಯಲ್ಲ. ಕಿಟಕಿ ಸರಳು ಹಿಡ್ಕೊಂಡು ಕೂಗ್ತಾರೆ. ಅವರಿಗೆ ಮರೆವಿನ ಕಾಯಿಲೆ."

"ನಿಮಗೆ ಅವರು ಏನಾಗಬೇಕು?"

"ಏನೂ ಆಗಬೇಕಿಲ್ಲ ಸಾರ್. ಎದುರು ಮನೆಯೋರು."

"ಹಂಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ ಅಮ್ಮ, ಅರ್ಜಿ ಹಾಕಿಸೋಣ. ಬರೋಕಾಗಲ್ಲ ಅಂದ್ರೆ ನಿಮ್ಮ ಹೆಸರಿಗೆ ಒಂದು ಪತ್ರ ಬರೆಸ್ಕೊಂಡು ಬನ್ನಿ."

ಬೀಗ ಹಾಕಿದ ಕೋಣೆಯೊಳಗೆ ಇರುವ ಮನುಷ್ಯ, ತನ್ನ ಹೆಸರೇ ನೆನಪಿಲ್ಲದ ಮನುಷ್ಯ, ಕಚೇರಿಗೆ ಬಂದು ಅರ್ಜಿ ಹಾಕಬೇಕಂತೆ! ವಿಷಯ ನಿರ್ವಾಹಕರು ಕೆಟ್ಟವರೇನಲ್ಲ. ಆ ಹೆಂಗಸನ್ನು ಕೂರಿಸಿ, ನೀರು ಕೊಟ್ಟು, ಮೆತ್ತಗೇ ಮಾತಾಡಿಸಿದರು. ಅವರಿಗೆ ಯಾರೋ ಹೇಳಿಕೊಟ್ಟಿದ್ದು ಅಷ್ಟೇ: ಅರ್ಜಿ ಬಂದರೆ ಕಡತ, ಅರ್ಜಿ ಇಲ್ಲದಿದ್ದರೆ ಏನೂ ಇಲ್ಲ.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಸರ್ಕಾರಿ ಸೇವೆಯ ಕೊನೆಯ ವರ್ಷಗಳಲ್ಲಿ ನಾನಿದ್ದದ್ದು ಇದೇ ವಿಷಯದ ನೀತಿ ತಂಡದಲ್ಲಿ. ತಂಡವನ್ನು ನಾನೇ ಮುನ್ನಡೆಸುತ್ತಿದ್ದೆ. ವಯಸ್ಸಾದವರು, ಬುದ್ಧಿಮಾಂದ್ಯತೆ ಇರುವ ವಯಸ್ಕರು, ಮಾನಸಿಕ ಕಾಯಿಲೆ ಇದ್ದು ಮನೆಯವರಿಗೂ ಬೇಡವಾದವರು, ತಮ್ಮನ್ನು ತಾವು ಕಾಪಾಡಿಕೊಳ್ಳಲು ಆಗದ ದೊಡ್ಡವರು ಎಲ್ಲರ ಕಡತವೂ ನಮ್ಮಲ್ಲಿಗೇ ಬರುತ್ತಿತ್ತು. ಅಲ್ಲಿ ಕೂತು ಸಭೆಯಿಂದ ಸಭೆಗೆ ನಾನು ಹೇಳುತ್ತಿದ್ದ ಒಂದೇ ಮಾತನ್ನು ಈಗ ಇಲ್ಲಿ ಹೇಳುತ್ತಿದ್ದೇನೆ. ದೂರು ಬರಲಿ ಅಂತ ಕಾಯುತ್ತಾ ಕೂತರೆ, ಯಾರಿಗೆ ರಕ್ಷಣೆ ಅತ್ಯಂತ ಜರೂರೋ ಅವರೇ ಕೈತಪ್ಪಿ ಹೋಗುತ್ತಾರೆ.

ಕಾನೂನಿನಲ್ಲಿ ದಾರಿ ಇಲ್ಲ ಅಂದುಕೊಳ್ಳಬೇಡಿ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 5ನೇ ಸೆಕ್ಷನ್ ಓದಿ. ಹಿರಿಯರು ತಾವೇ ಅರ್ಜಿ ಕೊಡಬಹುದು, ಆಗದಿದ್ದರೆ ಅವರು ಒಪ್ಪಿದ ವ್ಯಕ್ತಿಯೋ ಸಂಸ್ಥೆಯೋ ಕೊಡಬಹುದು. ಮೂರನೆಯದಾಗಿ, ನ್ಯಾಯಮಂಡಳಿ ಯಾರ ಅರ್ಜಿಯೂ ಇಲ್ಲದೆ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬಹುದು. ಆ ನ್ಯಾಯಮಂಡಳಿಯ ಪೀಠದಲ್ಲಿ ಕೂರುವವರು ಅದೇ ಉಪವಿಭಾಗಾಧಿಕಾರಿ. ಆ ಹೆಂಗಸು ನಿಂತಿದ್ದ ಜಾಗದಿಂದ ಅವರ ಕೊಠಡಿಗೆ ಒಂದು ಗೋಡೆ ಅಡ್ಡ. ಒಂದು ಸಾಲಿನ ಆದೇಶ ಸಾಕಿತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 7ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ವಿಕಲಚೇತನರ ಮೇಲೆ ದೌರ್ಜನ್ಯ ನಡೆಯುತ್ತಿದೆ ಅಥವಾ ನಡೆಯಬಹುದು ಅಂತ ನಂಬಲು ಕಾರಣವಿರುವ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಹಶೀಲ್ದಾರರಿಗೋ ಎಸಿಯವರಿಗೋ (ಉಪವಿಭಾಗಾಧಿಕಾರಿಯನ್ನು ಕರೆಯುವುದು ಹಾಗೆ) ತಿಳಿಸಬಹುದು. ಯಾರು ಬೇಕಾದರೂ! ಏನಾಗಬೇಕು ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಮಾನಸಿಕ ಕಾಯಿಲೆಯಿಂದ ದಿಕ್ಕೆಟ್ಟು ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದನ್ನು ಠಾಣಾಧಿಕಾರಿಯ ಕರ್ತವ್ಯ ಅಂತಲೇ ಮಾಡಿದೆ. ಇಂಥವರನ್ನು ಮನೆಯೊಳಗೆ ಹಿಂಸಿಸಿದರೂ ಕಡೆಗಣಿಸಿದರೂ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಅನ್ನುತ್ತದೆ.

ಹಿರಿಯ ನಾಗರಿಕರ ಕಾಯ್ದೆಗೆ ಕೇಂದ್ರ ಕೊಟ್ಟ ಮಾದರಿ ನಿಯಮಗಳಲ್ಲಿ, ಪ್ರತಿ ಠಾಣೆಯೂ ತನ್ನ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಇಟ್ಟುಕೊಳ್ಳಬೇಕು, ತಿಂಗಳಿಗೊಮ್ಮೆಯಾದರೂ ಪೊಲೀಸರು ಸಮಾಜ ಕಾರ್ಯಕರ್ತರ ಜೊತೆ ಅವರ ಮನೆಗೆ ಹೋಗಿ ವಿಚಾರಿಸಬೇಕು ಅಂತ ಸ್ಪಷ್ಟವಾಗಿ ಇದೆ. ನಿಮ್ಮ ಬೀದಿಯ ಯಾವ ಅಜ್ಜಿಯ ಮನೆಗಾದರೂ ಪೊಲೀಸರು ಹಾಗೆ ಬಂದು ಕ್ಷೇಮ ಕೇಳಿದ್ದನ್ನು ನೋಡಿದ್ದೀರಾ?

ಕಾಯ್ದೆಗಳೆಲ್ಲ ಇವೆ. ಹೋಗಿ ಬಾಗಿಲು ತಟ್ಟುವುದೇ ತನ್ನ ಕೆಲಸ ಅನ್ನುವ ಒಬ್ಬ ಮನುಷ್ಯ ಇಲ್ಲ.

ಮಕ್ಕಳ ವಿಷಯದಲ್ಲಿ ನಾವು ಇದನ್ನು ಮಾಡಿ ತೋರಿಸಿದ್ದೇವೆ. 1098ಕ್ಕೆ ಯಾರು ಕರೆ ಮಾಡಿದರೂ ಹೋಗಿ ನೋಡುವ ವ್ಯವಸ್ಥೆ ಇದೆ. ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ. ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ಹೇಳದಿದ್ದರೆ ಅದೇ ಅಪರಾಧ. ಬುದ್ಧಿಮಾಂದ್ಯತೆ ಇರುವ ಹುಡುಗಿಗೆ ಹದಿನೆಂಟು ತುಂಬಿದ ದಿನ ಈ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಅವಳ ಬುದ್ಧಿ ಬೆಳೆದಿಲ್ಲ, ಅಪಾಯ ಕಡಿಮೆಯಾಗಿಲ್ಲ, ಅವಳನ್ನು ನೋಡಿಕೊಳ್ಳುವ ತಾಯಿಗೆ ಮಾತ್ರ ಇನ್ನಷ್ಟು ವಯಸ್ಸಾಗಿದೆ. "ನಾನು ಹೋದ ಮೇಲೆ ಇವಳ ಗತಿಯೇನು ಮೇಡಂ?" ಅಂತ ತಾಯಂದಿರು ಕೇಳುತ್ತಿದ್ದರು. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿಯಿಂದ ಕಾನೂನುಬದ್ಧ ಪೋಷಕರ (ಗಾರ್ಡಿಯನ್) ನೇಮಕ ಮಾಡಿಸಿಕೊಳ್ಳಿ ಅಂತ ಹೇಳುತ್ತಿದ್ದೆ. ಅದು ಒಳ್ಳೆಯ ದಾರಿಯೇ, 1999ರಿಂದ ಇದೆ. ಆದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಎಪ್ಪತ್ತೈದರಲ್ಲಿ ಮರೆವಿನ ಕಾಯಿಲೆ ಬಂದವರು ಆ ಪಟ್ಟಿಯಲ್ಲಿ ಇಲ್ಲ.

2007ರ ಕಾಯ್ದೆ ಕಣ್ಣ ಮುಂದೆ ಇಟ್ಟುಕೊಂಡಿರುವುದು ಒಂದೇ ಥರದ ಮನೆಯನ್ನು. ಅಪ್ಪನ ಹೆಸರಲ್ಲಿ ಆಸ್ತಿ ಇದೆ, ಮಗ ಬರೆಸಿಕೊಂಡಿದ್ದಾನೆ, ಆಮೇಲೆ ಹೊರಗೆ ಹಾಕಿದ್ದಾನೆ. ಪತ್ರಿಕೆಗಳಲ್ಲಿ ಬರುವುದೂ ಅದೇ. 23ನೇ ಸೆಕ್ಷನ್ ಅಡಿ ದಾನಪತ್ರ ರದ್ದು ಮಾಡಬಹುದೇ, ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಬರೆದಿರಬೇಕೇ ಅನ್ನುವ ಚರ್ಚೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2022ರ ಡಿಸೆಂಬರಿನ ಒಂದು ತೀರ್ಪು ಷರತ್ತು ಇರಲೇಬೇಕು ಅಂದಿತು. 2025ರ ಜನವರಿಯ ಇನ್ನೊಂದು ತೀರ್ಪು, ಕಾಯ್ದೆ ಇರುವುದು ಹಿರಿಯರ ಹಿತಕ್ಕೆ, ಅದನ್ನು ಉದಾರವಾಗಿ ಓದಿ ಅಂದಿತು. ಇದೆಲ್ಲ ಬೇಕು, ಬೇಡ ಅನ್ನಲಾರೆ. ಆದರೆ ಬರೆದುಕೊಡಲು ಏನೂ ಇಲ್ಲದವರ ಕಥೆ?

2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವರು ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್ ಒಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋಗಿದ್ದಾರೆ ಅಂದಿದ್ದರು. ಅಂಥ ಮಕ್ಕಳ ಮೇಲೆ ದೂರು ದಾಖಲಿಸಿ, ಆಸ್ತಿ ವರ್ಗಾವಣೆ ರದ್ದು ಮಾಡಿಸಿ ಅಂತ ಸೂಚನೆಯೂ ಹೋಯಿತು. ಸಚಿವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಬಿಟ್ಟುಹೋದ ಅಜ್ಜಿಯ ಹೆಸರಲ್ಲಿ ರದ್ದು ಮಾಡಿಸಲು ಯಾವ ಆಸ್ತಿ ಇರುತ್ತದೆ? ಅವಳಿಗೆ ಬರುತ್ತಿದ್ದದ್ದು ಹೆಚ್ಚೆಂದರೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನವರ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು ಇವತ್ತಿಗೂ ತಿಂಗಳಿಗೆ 200 ರೂಪಾಯಿ.

ನನ್ನದೇ ಲೆಕ್ಕ ಹೇಳುತ್ತೇನೆ. ನನಗೆ ಮಕ್ಕಳಿಲ್ಲ ಅನ್ನುವುದು ನಿಮಗೆಲ್ಲ ಗೊತ್ತು. ಈ ಕಾಯ್ದೆಯ ಪ್ರಕಾರ ಮಕ್ಕಳಿಲ್ಲದವರನ್ನು ನೋಡಿಕೊಳ್ಳಬೇಕಾದ ಸಂಬಂಧಿ ಅಂದರೆ ಅವರ ಆಸ್ತಿ ಹಿಡಿದಿರುವ ಅಥವಾ ಮುಂದೆ ಆಸ್ತಿ ಬರಲಿರುವ ವಾರಸುದಾರ ಮಾತ್ರ. ನನಗೆ ಪಿಂಚಣಿ ಇದೆ, ಸಣ್ಣದೊಂದು ಮನೆ ಇದೆ. ಹಾಗಾಗಿ ಕಾನೂನಿನ ಕಣ್ಣಿಗೆ ನನಗೊಬ್ಬ ಸಂಬಂಧಿ ಇದ್ದಾನೆ. ನನ್ನ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ, ಮಕ್ಕಳಿಲ್ಲದ, ಬಾಡಿಗೆ ಕೋಣೆಯ ಜಯಮ್ಮನಿಗೆ ಇಲ್ಲ. ಈ ಸಾಲನ್ನು ತಂಡದ ಸಭೆಯಲ್ಲಿ ಮೊದಲ ಸಲ ಗಟ್ಟಿಯಾಗಿ ಓದಿದ ದಿನ ನನ್ನ ಗಂಟಲು ಕಟ್ಟಿತ್ತು.

ಎಸಿಯವರ ಮೇಲೆ ಎಲ್ಲ ಹಾಕಬೇಡಿ ಅನ್ನುತ್ತೀರಿ. ಒಪ್ಪುತ್ತೇನೆ. ಆ ಕುರ್ಚಿಯ ಕೆಲಸ ಗೊತ್ತಿದ್ದೇ ಮಾತಾಡುತ್ತಿದ್ದೇನೆ. ಪಹಣಿ ಮೇಲ್ಮನವಿ, ಪಿಟಿಸಿಎಲ್ ಪ್ರಕರಣ (ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯದು), ಭೂಸ್ವಾಧೀನ, ಚುನಾವಣೆ, ನೆರೆ, ಬರ, ಊರಹಬ್ಬದ ಬಂದೋಬಸ್ತ್, ಮಂತ್ರಿಗಳ ಪ್ರವಾಸ. ಇವುಗಳ ನಡುವೆ ವಾರಕ್ಕೊಂದು ಮಧ್ಯಾಹ್ನ ಹಿರಿಯ ನಾಗರಿಕರ ನ್ಯಾಯಮಂಡಳಿ. ಕಾಯ್ದೆ ಜೀವನಾಂಶದ ಅರ್ಜಿಯನ್ನು 90 ದಿನದಲ್ಲಿ ಮುಗಿಸಿ, ತೀರಾ ಅನಿವಾರ್ಯವಾದರೆ ಇನ್ನೊಂದು 30 ದಿನ ಅನ್ನುತ್ತದೆ. ನಾನು ಕೇಳುತ್ತಿರುವುದು ಅದಕ್ಕೇ. ಎಸಿಯವರು ಆದೇಶ ಬರೆಯಲಿ, ಹೋಗಿ ನೋಡಿ ವರದಿ ಕೊಡುವವರು ಬೇರೆ ಇರಲಿ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯೂ ಇದ್ದಾರೆ. ಯಾವ ಮನೆಯ ಹಿತ್ತಿಲಲ್ಲಿ ಯಾರನ್ನು ಕಟ್ಟಿಹಾಕಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ, ಆಶಾ ಕಾರ್ಯಕರ್ತೆಗೆ ಅದಕ್ಕೂ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದನ್ನು ಬರೆದು ಕಳಿಸಲು ಒಂದು ನಮೂನೆ, ಕಳಿಸಿದ್ದಕ್ಕೆ ಇಂತಿಷ್ಟು ದಿನದೊಳಗೆ ಉತ್ತರ, ಕಳಿಸಿದವರಿಗೆ ಊರಿನಲ್ಲಿ ತೊಂದರೆ ಆಗದಂತೆ ಒಂದು ಆದೇಶ. ನಮ್ಮ ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟು. ಹಣಕಾಸು ಇಲಾಖೆಯಿಂದ ಬಂದ ಪ್ರಶ್ನೆ: ಎಷ್ಟು ಪ್ರಕರಣ ಬರಬಹುದು, ಅಂಕಿಅಂಶ ಕೊಡಿ. ಯಾರೂ ಹೋಗಿ ನೋಡದಿದ್ದರೆ ಅಂಕಿಅಂಶ ಎಲ್ಲಿಂದ ತರಲಿ ಸ್ವಾಮಿ? ಅಂಕಿಅಂಶ ಇಲ್ಲದಿದ್ದರೆ ಹೋಗಿ ನೋಡಲು ಜನರನ್ನೂ ಕೊಡುವುದಿಲ್ಲ. ಅಲ್ಲಿಗೆ ಕಡತ ನಿಂತಿತು. ಅಷ್ಟರಲ್ಲಿ ತಂಡದ ಇಬ್ಬರಿಗೆ ವರ್ಗವಾಯಿತು.

ಇನ್ನೊಂದು ಮಾತು ಬಂದೇ ಬರುತ್ತದೆ: ಸಂಸಾರದ ವಿಷಯ, ಸರ್ಕಾರ ಒಳಗೆ ತಲೆ ಹಾಕಬಾರದು. ಹೆಂಡತಿಗೆ ಹೊಡೆಯುವುದೂ ಒಂದು ಕಾಲಕ್ಕೆ ಸಂಸಾರದ ವಿಷಯವೇ ಆಗಿತ್ತು. ದುರುಪಯೋಗ ಆಗುತ್ತದೆ ಅನ್ನುವವರೂ ಇದ್ದಾರೆ. ಆಗುತ್ತದೆ, ನೋಡಿದ್ದೇನೆ. ಅತ್ತೆ ಮಾವನ ಹೆಸರಲ್ಲಿ ಅರ್ಜಿ ಹಾಕಿಸಿ ಸೊಸೆಯನ್ನು ಮನೆಯಿಂದ ಎಬ್ಬಿಸಲು ಹೋದದ್ದಕ್ಕೆ ಸುಪ್ರೀಂ ಕೋರ್ಟ್ 2020ರಲ್ಲಿ ತಡೆ ಹಾಕಿದ್ದು ನಮ್ಮ ಬೆಂಗಳೂರಿನದೇ ಪ್ರಕರಣದಲ್ಲಿ. ಸರಿಯಾದ ತೀರ್ಪು. ಆದರೆ ಅದರಿಂದ ನಾನು ಕಲಿಯುವುದು ಬೇರೆ. ಎರಡು ಕಡೆಯವರ ಕಾಗದ ಓದಿ ಸತ್ಯ ಹುಡುಕುವ ಬದಲು, ತರಬೇತಿ ಇರುವ ಒಬ್ಬರು ಮನೆಗೆ ಹೋಗಿ ಎಲ್ಲರ ಹತ್ತಿರ ಕೂತು ಮಾತಾಡಿದ್ದರೆ ಸುಳ್ಳು ಅರ್ಜಿಯೂ ಅಲ್ಲೇ ಬಯಲಾಗುತ್ತಿತ್ತು.

ಇಂಗ್ಲೆಂಡಿನಲ್ಲಿ ಇದನ್ನು ಕಾನೂನೇ ಮಾಡಿದೆ. 2011ರಲ್ಲಿ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಸಿಬ್ಬಂದಿಯೇ ಹಿಂಸಿಸುತ್ತಿದ್ದದ್ದನ್ನು ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ಹಿಡಿಯಿತು. 2014ರ ಕೇರ್ ಆಕ್ಟ್‌ನ 42ನೇ ಸೆಕ್ಷನ್ ಪ್ರಕಾರ, ಆರೈಕೆ ಬೇಕಾದ ವಯಸ್ಕರೊಬ್ಬರು ಹಿಂಸೆಗೋ ನಿರ್ಲಕ್ಷ್ಯಕ್ಕೋ ಸಿಕ್ಕಿದ್ದಾರೆ, ತಮ್ಮನ್ನು ಕಾಪಾಡಿಕೊಳ್ಳಲಾರರು ಅಂತ ಅನುಮಾನ ಬಂದರೆ ಸಾಕು, ಸ್ಥಳೀಯ ಆಡಳಿತ ವಿಚಾರಿಸಲೇಬೇಕು. ಅರ್ಜಿ ಬೇಕಿಲ್ಲ. ಅಲ್ಲೂ ಹಣವಿಲ್ಲ, ಜನವಿಲ್ಲ, ಕೆಲಸ ಬಾಕಿ ಬೀಳುತ್ತದೆ. ಆದರೂ ಯಾರ ಕೆಲಸ ಅನ್ನುವುದು ಗೊತ್ತಿದೆ.

ಅಜ್ಜನ ವಿಷಯಕ್ಕೆ ಬಂದರೆ, ಆ ಹೆಂಗಸನ್ನು ಕರೆದುಕೊಂಡು ಎಸಿಯವರ ಕೊಠಡಿಗೇ ಹೋದೆ. ಚಿಕ್ಕ ವಯಸ್ಸಿನ ಅಧಿಕಾರಿ, ಕೇಳಿಸಿಕೊಂಡರು, ಠಾಣೆಗೆ ಫೋನ್ ಮಾಡಿದರು. ಸಂಜೆ ಪೊಲೀಸರು ಹೋದಾಗ ಸಿಕ್ಕಿದ ಮಗ ರಾಕ್ಷಸನೇನಲ್ಲ. ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸ್‌ಗೆ ಹೋಗುವವರು. ಬೀಗ ಹಾಕದಿದ್ದರೆ ಅಪ್ಪ ರಸ್ತೆಗೆ ಇಳಿದುಬಿಡುತ್ತಾರೆ, ಒಂದು ಸಲ ಬಸ್ಸಿಗೆ ಸಿಗುತ್ತಿದ್ದರಂತೆ. "ಕೆಲಸ ಬಿಡು ಅಂದ್ರೆ ಬಿಡ್ತೀನಿ ಸಾರ್, ಊಟಕ್ಕೆ ಏನ್ ಮಾಡ್ಲಿ?" ಅಂದನಂತೆ. ಹಿರಿಯರನ್ನು ತೊರೆದವರಿಗೆ 24ನೇ ಸೆಕ್ಷನ್ ಅಡಿ ಮೂರು ತಿಂಗಳವರೆಗೆ ಜೈಲು ಇದೆ, ಐದು ಸಾವಿರದವರೆಗೆ ದಂಡ ಇದೆ. ಇವನಿಗೆ ಯಾವುದು ಹಾಕುತ್ತೀರಿ? ಇವನಿಗೆ ಬೇಕಿರುವುದು ಹಗಲು ಹೊತ್ತು ಅಪ್ಪನನ್ನು ನೋಡಿಕೊಳ್ಳುವ ಒಂದು ಜಾಗ. ಎಳೆ ಮಕ್ಕಳಿಗೆ ಬೀದಿಗೊಂದು ಅಂಗನವಾಡಿ ಇರುವ ರಾಜ್ಯದಲ್ಲಿ ಅದೇನು ಅಸಾಧ್ಯದ ಬೇಡಿಕೆಯಲ್ಲ.

ನೀತಿ ತಂಡದಲ್ಲಿ ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂತಿರುವವರು ನನ್ನ ಸ್ನೇಹಿತರ ಪಟ್ಟಿಯಲ್ಲೇ ಇದ್ದಾರೆ, ಇದನ್ನು ಓದುತ್ತಾರೆ. ಹೊಸ ಕಾಯ್ದೆಗೆ ಕಾಯಬೇಡಿ. ಜೀವನಾಂಶದ 10,000 ರೂಪಾಯಿ ಮಿತಿ ತೆಗೆಯುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದು, ಆ ಲೋಕಸಭೆಯ ಅವಧಿಯ ಜೊತೆಗೇ ಬಿದ್ದುಹೋಯಿತು. ಸ್ವಯಂಪ್ರೇರಿತ ಪ್ರಕರಣಗಳ ಬಗ್ಗೆ ಎಲ್ಲ ನ್ಯಾಯಮಂಡಳಿಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕಿಲ್ಲ.

ಉಳಿದವರಿಗೆ: ಹಿರಿಯರ ಸಹಾಯವಾಣಿ 14567, ಬೆಂಗಳೂರಿನಲ್ಲಿ 1090. ಕಚೇರಿಯಲ್ಲಿ "ನಿಮಗೆ ಏನಾಗಬೇಕು" ಅಂತ ಕೇಳಿದರೆ, 2007ರ ಕಾಯ್ದೆಯ 5ನೇ ಸೆಕ್ಷನ್ ಅಂತಲೋ, ವಿಕಲಚೇತನರಾದರೆ 2016ರ ಕಾಯ್ದೆಯ 7ನೇ ಸೆಕ್ಷನ್ ಅಂತಲೋ ಬರೆದು, ಬಿಳಿ ಹಾಳೆಯಲ್ಲಿ ಮಾಹಿತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಪುಟದ ಮಾದರಿ ಪತ್ರ ಸಿದ್ಧಮಾಡಿ ಇಟ್ಟಿದ್ದೇನೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸುತ್ತೇನೆ.