ಮೊದಲು ನೀರು, ಆಮೇಲೆ ಮೀನು

ಜರ್ಮನಿಯಲ್ಲಿ ನಾನಿರುವ ಮ್ಯೂನಿಕ್‌ನ ಒಳ್ಳೆಯ ಅಕ್ವೇರಿಯಂ ಅಂಗಡಿಗೆ ಹೋಗಿ, ತೊಟ್ಟಿ ಮತ್ತು ಮೀನು ಎರಡನ್ನೂ ಇವತ್ತೇ ಕೊಡಿ ಅಂದರೆ ತೊಟ್ಟಿ ಕೊಡುತ್ತಾರೆ, ಮೀನು ಕೊಡುವುದಿಲ್ಲ. ನೀರು ತುಂಬಿಸಿ, ಗಿಡ ನೆಡಿ, ಫಿಲ್ಟರ್ ಓಡಿಸಿ, ಮೂರ್ನಾಲ್ಕು ವಾರ ಬಿಟ್ಟು ಬನ್ನಿ ಅನ್ನುತ್ತಾರೆ. ಬರುವಾಗ ತೊಟ್ಟಿಯ ನೀರನ್ನು ಒಂದು ಸಣ್ಣ ಬಾಟಲಿಯಲ್ಲಿ ತರಲು ಹೇಳುತ್ತಾರೆ. ಅದನ್ನು ಪರೀಕ್ಷೆ ಮಾಡಿದ ಮೇಲೆಯೇ ಮೀನಿನ ಮಾತು.

ನಮ್ಮ ಬೆಂಗಳೂರು, ಮೈಸೂರಿನಲ್ಲಿ ಇದೆಲ್ಲ ಒಂದು ಗಂಟೆಯ ಕೆಲಸ. ತೊಟ್ಟಿ, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಏರ್ ಪಂಪ್, ಕೊನೆಗೆ ಕವರ್‌ನಲ್ಲಿ ಮೀನು. ಸಂಜೆಗೆ ಹಾಲ್‌ನಲ್ಲಿ ಮೀನು ಈಜುತ್ತಿರುತ್ತವೆ. ಮಕ್ಕಳಿಗೆ ಸಂಭ್ರಮ. ವಾರ, ಹತ್ತು ದಿನ ಕಳೆಯುವಷ್ಟರಲ್ಲಿ ಒಂದೊಂದೇ ಸತ್ತು ತೇಲುತ್ತವೆ. "ನಮ್ಮ ಮನೆಗೆ ಮೀನು ಆಗಿಬರಲ್ಲ" ಅಂತ ತೊಟ್ಟಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಹೀಗೆ ಅಟ್ಟ ಸೇರಿದ ತೊಟ್ಟಿಗಳು ನಮ್ಮ ನೆಂಟರಿಷ್ಟರ ಮನೆಗಳಲ್ಲಿ ಬೇಕಾದಷ್ಟಿವೆ.

ಆಗಿಬರದೆ ಇರುವುದು ಮನೆಗೂ ಅಲ್ಲ, ಕೈಗುಣಕ್ಕೂ ಅಲ್ಲ. ಮೀನಿನ ಹೊಲಸಿನಿಂದ, ಕಿವಿರುಗಳಿಂದ, ಕೊಳೆತ ಆಹಾರದಿಂದ ಅಮೋನಿಯಾ ಅನ್ನುವ ವಿಷ ಬರುತ್ತದೆ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕೆಡಿಸುತ್ತದೆ. ಮೀನು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದಲ್ಲ, ಎಷ್ಟೋ ಸಲ ಅದಕ್ಕೆ ಇದೇ ಕಾರಣ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್‌ನಿಂದ ಅಷ್ಟು ತೊಂದರೆ ಇಲ್ಲ. ಗಿಡಗಳು ಸ್ವಲ್ಪ ಹೀರಿಕೊಳ್ಳುತ್ತವೆ, ಉಳಿದದ್ದು ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ಈ ಎರಡೂ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ನೆಲೆ ನಿಲ್ಲುವುದಕ್ಕೆ 3ರಿಂದ 6 ವಾರ ಬೇಕು. ಹೊಸ ತೊಟ್ಟಿಯಲ್ಲಿ ಅವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಜರ್ಮನಿಯಲ್ಲಿ ಖಾಲಿ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯುತ್ತಾರೆ. ನೋಡುವವರಿಗೆ ವಿಚಿತ್ರ ಅನಿಸಬಹುದು. ಆದರೆ ಆಹಾರ ಕೊಳೆತು ಅಮೋನಿಯಾ ಬಂದರೆ ತಾನೇ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯುವುದು?

ಈ ಕಾಯುವಿಕೆ ಇಲ್ಲಿನವರಿಗಿಂತ ನಮ್ಮವರಿಗೇ ಜಾಸ್ತಿ ಮುಖ್ಯ. ಅಮೋನಿಯಾದ ವಿಷ ನೀರು ಬೆಚ್ಚಗಾದಷ್ಟೂ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಏರಿದಷ್ಟೂ ಹೆಚ್ಚುತ್ತದೆ. ಬೇಸಿಗೆಯಲ್ಲಿ 29 ಡಿಗ್ರಿ ಮುಟ್ಟುವ ಕ್ಷಾರದ ಬೋರ್‌ವೆಲ್ ನೀರಿನಲ್ಲಿ, 24 ಡಿಗ್ರಿಯ ತಟಸ್ಥ ನೀರಿಗಿಂತ ಅಷ್ಟೇ ಅಮೋನಿಯಾ ಎಷ್ಟೋ ಪಾಲು ಅಪಾಯಕಾರಿ. ಬೆಚ್ಚಗಿನ ನೀರಿನಲ್ಲಿ ಬ್ಯಾಕ್ಟೀರಿಯಾವೂ ಬೇಗ ಬೆಳೆಯುತ್ತದೆ ಅನ್ನುವುದು ನಮಗೆ ಸಿಗುವ ಲಾಭ. ಇನ್ನೊಂದು ಸುಲಭ ದಾರಿಯೂ ಇದೆ. ಚೆನ್ನಾಗಿ ನಡೆಯುತ್ತಿರುವ ತೊಟ್ಟಿ ಯಾರ ಮನೆಯಲ್ಲಾದರೂ ಇದ್ದರೆ, ಅವರ ಫಿಲ್ಟರ್‌ನ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಪಕ್ಕದ ಮನೆಯಿಂದ ಹೆಪ್ಪು ತಂದು ಹಾಲಿಗೆ ಹಾಕಿದ ಹಾಗೆ. ತಿಂಗಳ ಕೆಲಸ ಎಷ್ಟೋ ಬೇಗ ಮುಗಿಯುತ್ತದೆ. ತರುವಾಗ ಸ್ಪಂಜು ಒಣಗಬಾರದು, ಅಷ್ಟೇ.

ಇನ್ನು ನೀರು. ಮ್ಯೂನಿಕ್‌ನ ನಲ್ಲಿ ನೀರು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯ ಕಡೆಯಿಂದ ಬರುತ್ತದೆ. ಸಾಮಾನ್ಯವಾಗಿ ಅದಕ್ಕೆ ಕ್ಲೋರಿನ್ ಹಾಕುವುದಿಲ್ಲ. ಆದರೆ ಗಡಸು ನೀರು. ಎಷ್ಟು ಗಡಸು ಅನ್ನುವುದನ್ನು ನೀರು ಪೂರೈಸುವವರೇ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಗಡಸು ನೀರಿಗೆ ಗಪ್ಪಿ, ಪ್ಲಾಟಿ ಚೆನ್ನಾಗಿ ಒಗ್ಗುತ್ತವೆ. ಅಮೆಜಾನ್‌ನ ಮೆದು ನೀರಿನ ಮೀನುಗಳಿಗೆ ಕಷ್ಟ. ನೀರಿಗೆ ತಕ್ಕ ಮೀನು ಆರಿಸುವುದು ಇಲ್ಲಿನ ರೂಢಿ.

ನಮ್ಮಲ್ಲಿ ಒಂದೇ ಬೀದಿಯಲ್ಲಿ ಒಂದು ಮನೆಗೆ ಕಾವೇರಿ ನೀರು, ಇನ್ನೊಂದಕ್ಕೆ ಬೋರ್‌ವೆಲ್, ಮತ್ತೊಂದಕ್ಕೆ ಟ್ಯಾಂಕರ್. ಎಷ್ಟೋ ಮನೆಗಳ ಸಂಪಿನಲ್ಲಿ ಮೂರೂ ಬೆರೆತಿರುತ್ತವೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿಗೂ ಕೆಟ್ಟದ್ದು, ನಾವು ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು. ಬಕೆಟ್‌ನಲ್ಲಿ ಹಿಡಿದು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಆತುರ ಇದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹರಳು ಇದೆ, ಸೋಡಿಯಂ ಥಯೋಸಲ್ಫೇಟ್. ಬೆಲೆ ತೀರಾ ಕಡಿಮೆ. ಟ್ಯಾಂಕರ್ ನೀರು ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲವಾದ್ದರಿಂದ ಅದನ್ನು ನೇರವಾಗಿ ತೊಟ್ಟಿಗೆ ಸುರಿಯಬೇಡಿ ಅನ್ನುವುದು ನನ್ನ ಸಲಹೆ.

ನನಗೆ ಎಲ್ಲಕ್ಕಿಂತ ನೋವು ಕೊಡುವುದು ನಮ್ಮ ಭಾನುವಾರದ ತೊಳೆಯುವಿಕೆ. ಮೀನುಗಳನ್ನೆಲ್ಲ ಬಕೆಟ್‌ಗೆ ಹಾಕುತ್ತಾರೆ. ಪೂರ್ತಿ ನೀರು ಚೆಲ್ಲುತ್ತಾರೆ. ಕಲ್ಲನ್ನು ನಲ್ಲಿಯ ಕೆಳಗೆ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಫಿಲ್ಟರ್‌ನ ಸ್ಪಂಜನ್ನು ಬೆಳ್ಳಗಾಗುವವರೆಗೂ ಹಿಂಡುತ್ತಾರೆ. ಹೊಸ ನೀರು ತುಂಬಿಸಿ ಮೀನು ಬಿಡುತ್ತಾರೆ. ತೊಟ್ಟಿ ಫಳಫಳ ಹೊಳೆಯುತ್ತದೆ, ಆದರೆ ಬ್ಯಾಕ್ಟೀರಿಯಾ ಅಷ್ಟೂ ಚರಂಡಿಗೆ ಹೋಗಿರುತ್ತದೆ. ತೊಟ್ಟಿ ಮತ್ತೆ ಮೊದಲ ದಿನದ ಸ್ಥಿತಿಗೆ ಬಂತು ಅಂತಲೇ ಲೆಕ್ಕ. ಹೋಟೆಲು, ಕ್ಲಿನಿಕ್‌ಗಳಿಗೆ ತಿಂಗಳಿಗೊಮ್ಮೆ ಬಂದು ತೊಳೆದುಕೊಡುವ ಹುಡುಗರೂ ಇದನ್ನೇ ಮಾಡುವುದನ್ನು ನೋಡಿದ್ದೇನೆ. ಶ್ರದ್ಧೆಯಿಂದಲೇ ಮಾಡುತ್ತಾರೆ ಪಾಪ, ಅವರಿಗೆ ಹೇಳಿಕೊಟ್ಟಿರುವುದೇ ಹಾಗೆ. ಜರ್ಮನಿಯಲ್ಲಿ ವಾರಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ನೀರು ಮಾತ್ರ ಬದಲಿಸುತ್ತಾರೆ. ಫಿಲ್ಟರ್ ಕಟ್ಟಿಕೊಂಡಾಗ ಮಾತ್ರ ಸ್ಪಂಜನ್ನು ತೆಗೆದು, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡುತ್ತಾರೆ. ಸ್ಪಂಜು ಕಂದು ಬಣ್ಣಕ್ಕೇ ಇರುತ್ತದೆ. ಇರಬೇಕು ಕೂಡ.

ಊಟದ ವಿಷಯವೂ ಹೀಗೇ. ಇಲ್ಲಿ ದಿನಕ್ಕೆ ಒಂದೋ ಎರಡೋ ಸಲ, ಸ್ವಲ್ಪ ಹೊತ್ತಿನಲ್ಲಿ ತಿಂದು ಮುಗಿಸುವಷ್ಟು ಹಾಕುತ್ತಾರೆ. ವಾರಕ್ಕೊಂದು ದಿನ ಉಪವಾಸ ಇಡುವವರೂ ಬಹಳ ಮಂದಿ. ನಮ್ಮ ಮನೆಗಳಲ್ಲಿ ಅಜ್ಜಿ ಒಂದು ಹಿಡಿ, ಮೊಮ್ಮಗಳು ಒಂದು ಹಿಡಿ, ಬಂದ ನೆಂಟರು ಒಂದು ಹಿಡಿ. ಪ್ರೀತಿಯಿಂದಲೇ ಹಾಕುತ್ತಾರೆ. ಆ ಪ್ರೀತಿ ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ.

ಹಾಗಂತ ಎಲ್ಲದರಲ್ಲೂ ಜರ್ಮನಿಯೇ ಮೇಲು ಅಂತ ನಾನು ಹೇಳುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಇಲ್ಲದೆ ಉಷ್ಣವಲಯದ ಮೀನು ಉಳಿಯುವುದಿಲ್ಲ, ಕರೆಂಟು ಬಿಲ್ಲೂ ಕಡಿಮೆಯಲ್ಲ. ಮೈಸೂರಿನಲ್ಲಿ ವರ್ಷದ ಬಹುಪಾಲು ಹೀಟರಿನ ಮಾತೇ ಬೇಡ. ಗಿಡಗಳನ್ನೇ ನೋಡಿ. ಇಲ್ಲಿ ಪುಟ್ಟ ಕುಂಡದಲ್ಲಿಟ್ಟು ಮಾರುವ ಕೆಂಪು ಎಲೆಯ ರೋಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ ಗಿಡ. ಹೈಡ್ರಿಲ್ಲಾ ನಮ್ಮ ಕೆರೆಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ತೊಟ್ಟಿಯ ಅಳತೆಯಲ್ಲೂ ನಮಗೇ ಅನುಕೂಲ. ಇಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು 60 ಸೆಂಟಿಮೀಟರ್ ಉದ್ದದ 54 ಲೀಟರ್ ತೊಟ್ಟಿ. ನಮ್ಮ ಎರಡಡಿ ತೊಟ್ಟಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಮ್ಮಲ್ಲಿ ಗಾಜಿನ ಅಂಗಡಿಯವರು ಹೇಳಿದ ಅಳತೆಗೆ ಕತ್ತರಿಸಿ, ಸಿಲಿಕೋನ್ ಹಾಕಿ ಕೂಡಿಸಿ ಕೊಡುತ್ತಾರೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಜಾಗ ಇದ್ದರೆ ಮೊದಲ ಸಲವೇ ಅದನ್ನು ಮಾಡಿಸಿ. ನೀರು ಜಾಸ್ತಿ ಇದ್ದಷ್ಟೂ ಅದು ಕೆಡುವುದು ನಿಧಾನ. ಸ್ಟ್ಯಾಂಡ್ ಮಾತ್ರ ಗಟ್ಟಿ ಇರಲಿ, ಕಲ್ಲು, ನೀರು ಸೇರಿ 200 ಕಿಲೋ ದಾಟುತ್ತದೆ.

ಮೈಸೂರಿನಲ್ಲಿರುವ ನನ್ನ ತಂಗಿಯ ಮಗ ಈಗ ಅಂಥದ್ದೇ ತೊಟ್ಟಿ ಇಟ್ಟಿದ್ದಾನೆ. "ಮಾವ, ಅಂಗಡಿಯವರು ಇವತ್ತೇ ಮೀನು ಬಿಡಬಹುದು ಅಂದ್ರು, ನೀವು ನೋಡಿದ್ರೆ ತಿಂಗಳು ಅಂತೀರ" ಅಂತ ಫೋನ್ ಮಾಡಿದ್ದ. ನೈಟ್ರೈಟ್ ಪರೀಕ್ಷೆಯ ಕಿಟ್ ತರಿಸಿಕೋ, ಅದು ಏರಿ ಮತ್ತೆ ಸೊನ್ನೆಗೆ ಇಳಿಯಲಿ, ಆಮೇಲೆ ಹೋಗು ಅಂದೆ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನುವುದು ಅವರ ಕಷ್ಟ. ಆದರೆ ಮೂರಂಗುಲದ ಮರಿಯನ್ನು ತೋರಿಸಿ ಅದು ಬೆಳೆದಾಗ ಎಷ್ಟಾಗುತ್ತದೆ ಅನ್ನುವುದನ್ನು ಹೇಳದೆ ಇರುವುದು ತಪ್ಪು. ವಾಸ್ತು ಮೀನು ಅಂತ ಮಾರುವ ಸಿಲ್ವರ್ ಅರೋವಾನ ಎರಡು ಮೂರು ಅಡಿ ಬೆಳೆಯುತ್ತದೆ. ಗೋಲ್ಡ್‌ಫಿಷ್ ಬೌಲ್‌ನ ಮೀನಲ್ಲ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಟ್ಯಾಂಕ್ ಕ್ಲೀನರ್ ಅಂತ ಕೊಡುವ ಸಕ್ಕರ್ ಮೀನು ಒಂದಡಿ ದಾಟುತ್ತದೆ, ಅದೂ ಹೊಲಸು ಮಾಡುತ್ತದೆ. ಸಾಕಲಾಗದವರು ಅದನ್ನು ಕೆರೆಗೆ ಬಿಟ್ಟು ಬಿಟ್ಟು, ದಕ್ಷಿಣ ಅಮೆರಿಕದ ಆ ಮೀನು ಇವತ್ತು ದಕ್ಷಿಣ ಭಾರತದ ಹಲವು ಕಡೆ ಬಲೆಗೆ ಬೀಳುತ್ತಿದೆ. ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ. ಕೆರೆಗೆ, ಹೊಳೆಗೆ ಮಾತ್ರ ಬಿಡಬೇಡಿ.

ಮೊದಲ ತೊಟ್ಟಿಗೆ ಯಾವ ಮೀನು ಅಂದರೆ, ತಂಗಿಯ ಮಗನಿಗೆ ನಾನು ಹೇಳಿದ್ದು ಜೀಬ್ರಾ ಡೇನಿಯೊ. ಭಾರತದ ಹಳ್ಳಕೊಳ್ಳಗಳ ಮೀನು, ಗಟ್ಟಿ ಜೀವ, ಗುಂಪಿನಲ್ಲೇ ಚೆಂದ. ಮೊದಲು ಆರು, ಎರಡು ವಾರ ನೋಡಿ ಇನ್ನೊಂದು ಆರು. ಆಮೇಲೆ ಬೇಕಿದ್ದರೆ ಪಶ್ಚಿಮ ಘಟ್ಟದ ಮೆಲನ್ ಬಾರ್ಬ್. ಕವರನ್ನು ಹದಿನೈದು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರು ಸ್ವಲ್ಪ ಸ್ವಲ್ಪ ಬೆರೆಸಿ, ಬಲೆಯಲ್ಲಿ ಹಿಡಿದು ಮೀನು ಮಾತ್ರ ಬಿಡಬೇಕು. ಕರೆಂಟು ಹೋಗುವ ಊರಾದ್ದರಿಂದ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಒಳಗಿನ ಬ್ಯಾಕ್ಟೀರಿಯಾವೂ ಸಾಯತೊಡಗುತ್ತದೆ.

ಮಿಸ್ ಕೇರಳ ಬೇಕು ಅಂದ. ಮೈಮೇಲೆ ಕೆಂಪು ಗೆರೆ ಇರುವ ಆ ಮೀನನ್ನು ಯಾರು ಬೇಡ ಅನ್ನುತ್ತಾರೆ? ಮೀನುಗಳ ಅಧ್ಯಯನ ಮಾಡಿದ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಡೇ ಅದನ್ನು 1865ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಈಗ ಅದರ ವೈಜ್ಞಾನಿಕ ಹೆಸರು ಸಹ್ಯಾದ್ರಿಯಾ ಡೆನಿಸೋನಿ. ಇಲ್ಲಿಯ ಅಂಗಡಿಯ ಗಾಜಿನ ಮೇಲೆ ಆ ಹೆಸರು ಓದಿದಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಕೇರಳದ ಮತ್ತು ನಮ್ಮ ದಕ್ಷಿಣ ಗಡಿಯ ಹೊಳೆಗಳ ಆ ಮೀನು ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದೂ ಹಿಡಿದೂ ಅಳಿವಿನ ಅಂಚಿನ ಪಟ್ಟಿ ಸೇರಿದೆ. ಸಾಕಣೆಯಲ್ಲಿ ಹುಟ್ಟಿದ ಮರಿ ಸಿಕ್ಕರೆ ಮಾತ್ರ ತೆಗೆದುಕೊಳ್ಳಬೇಕು. ಅದಕ್ಕೂ ನಾಲ್ಕಡಿಗಿಂತ ಕಡಿಮೆ ತೊಟ್ಟಿ ಸಾಲದು.

ಜರ್ಮನಿಯ ಪ್ರಾಣಿರಕ್ಷಣೆಯ ಕಾನೂನಿನಲ್ಲಿ ಬೆನ್ನುಮೂಳೆ ಇರುವ ಪ್ರಾಣಿ ಅಂದರೆ ಮೀನೂ ಸೇರುತ್ತದೆ. 16 ವರ್ಷದೊಳಗಿನವರಿಗೆ ಮನೆಯವರ ಒಪ್ಪಿಗೆ ಇಲ್ಲದೆ ಮೀನು ಕೊಡುವಂತಿಲ್ಲ. 2014ರಿಂದ, ಅಂಗಡಿಯವರು ಮಾರುವ ಪ್ರಾಣಿಗೆ ಏನೇನು ಬೇಕು ಅನ್ನುವುದನ್ನು ಬರಹದಲ್ಲಿ ಕೊಡಲೇಬೇಕು. ನಮ್ಮಲ್ಲಿ 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದಿತ್ತು. ವ್ಯಾಪಾರಿಗಳ ವಿರೋಧದ ನಡುವೆ ಅದೇ ವರ್ಷ ವಾಪಸಾಯಿತು. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಒಂದೇ ಒಂದು ಹಾಳೆ, ಕನ್ನಡದಲ್ಲಿ: ಈ ಮೀನು ಎಷ್ಟು ಉದ್ದ ಬೆಳೆಯುತ್ತದೆ, ಎಷ್ಟು ವರ್ಷ ಬದುಕುತ್ತದೆ, ಎಷ್ಟು ದೊಡ್ಡ ತೊಟ್ಟಿ ಬೇಕು, ಒಂಟಿಯಾಗಿ ಇರುತ್ತದೋ ಗುಂಪಿನಲ್ಲೋ, ಎಂಥ ನೀರು. ಗೋಲ್ಡ್‌ಫಿಷ್, ಗಪ್ಪಿ, ಫೈಟರ್, ಸಕ್ಕರ್, ಅರೋವಾನ, ಈ ಐದಕ್ಕೆ ನಾನು ಬರೆಯಲು ಶುರು ಮಾಡಿದ್ದೇನೆ. ನಿಮ್ಮ ಊರಿನ ಅಂಗಡಿಯವರು ಕವರ್‌ನ ಜೊತೆ ಅದನ್ನು ಕೊಡಲು ಒಪ್ಪಿದರೆ, ಪ್ರಿಂಟ್ ಹಾಕಿಸಿಕೊಡುವ ಖರ್ಚು ನನ್ನದು.