ದಯವಿಟ್ಟು ಆ ಸಾಲು ತಿದ್ದಿ
ನಿಮ್ಮ ಬರಹದಲ್ಲಿ, ಹಿಮ ಬಿದ್ದ ಮರುದಿನ ಬಿಸಿಲು ಬಂದರೆ ಟ್ರೆಕ್ಕಿಂಗ್‌ಗೆ ಒಳ್ಳೆ ದಿನ ಅಂತ ಬರೆದಿದ್ದೀರಿ. ಹಾಗಲ್ಲ ಸರ್. ಹೊಸ ಹಿಮ ಜಾಸ್ತಿ ಬಿದ್ದ ಮೇಲಿನ ಒಂದೆರಡು ದಿನವೇ ಹಿಮಕುಸಿತದ ಭಯ ಹೆಚ್ಚು. ಅದರಲ್ಲೂ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಮ್ಮ ಬೀದರ್‌ನಲ್ಲಿ ಡಿಸೆಂಬರ್ ಚಳಿಗೆ ಬೆಂಕಿ ಕಾಯಿಸಿಕೊಂಡು ಬೆಳೆದ ಹುಡುಗರಿಗೆ ಇದು ಹೇಗೆ ಗೊತ್ತಾಗಬೇಕು, ಅಲ್ವಾ? ನಮ್ಮ ಅಕ್ಕನ ಮಗ ಹೋದ ವರ್ಷ ಉತ್ತರಾಖಂಡಕ್ಕೆ ಹೋಗಿದ್ದ. ಹೆಜ್ಜೆ ಇಟ್ಟಾಗ ಹಿಮದ ಒಳಗಿಂದ ‘ಧುಪ್’ ಅಂತ ಸದ್ದು ಬಂತಂತೆ, ಕಾಲ ಮುಂದೆ ಒಂದು ಬಿರುಕು ಸರ್ರನೆ ಓಡಿತಂತೆ. ಹಿಮದ ಅಡಿಯ ಸಡಿಲ ಪದರ ಕುಸಿದ ಸದ್ದು ಅದು, ಹಿಮಕುಸಿತ ಆಗಬಹುದು ಅನ್ನೋ ಎಚ್ಚರಿಕೆ. ಗೈಡ್ ಮಾತೇ ಆಡದೆ ಎಲ್ಲರನ್ನೂ ವಾಪಸ್ ಕರೆದುಕೊಂಡು ಬಂದ. 2016ರಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಹಿಮದಡಿ ಸಿಕ್ಕಿಬಿದ್ದಿದ್ದ ಯೋಧ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಮ್ಮ ಮನೆಯಲ್ಲಿ ದೀಪ ಹಚ್ಚಿದ್ದೆವು. ಅದು ಇನ್ನೂ ಮರೆತಿಲ್ಲ.